ಸರಗೂರಿನ ಹೆಸರು ಹೊತ್ತ ಕಲ್ಲು

ಹಿಂದೆ ಹೆಗ್ಗಡದೇವನಕೋಟೆಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿದೆ ಎಂದರೆ ಹುಣಸೂರಿನ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. 300 ಕೋಟಿ ವರ್ಷಗಳಿಗೂ ಹಿಂದಿನವೆನ್ನಲಾದ ಶಿಲೆಗಳಿಗೆ ‘ಸರಗೂರು ಸಮೂಹ’ವೆಂದೇ ಹೆಸರು.

ಬೆಳಗಾವಿ, ಬೀದರಗಳ ಡೆಕ್ಕನ್ ಟ್ರ್ಯಾಪ್ ಪ್ರದೇಶದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹರಿವುಗಳು ಇಂದಿಗೂ ಒಂದರ ಮೇಲೊಂದು ಪದರವಾಗಿ ಕಾಣುತ್ತವೆ, ಎಣಿಸಿ ಹೆಸರಿಡಬಹುದು. ಅದಕ್ಕಿಂತ ಎಷ್ಟೋ ಹಳೆಯದಾದ ಚಿತ್ರದುರ್ಗದ ಮರಡಿಹಳ್ಳಿಯ ಲಾವಾದಲ್ಲಿಯೂ ನೀರಿನೊಳಗೆ ಹೆಪ್ಪುಗಟ್ಟಿದ ದಿಂಬಿನಾಕಾರ ಉಳಿದಿದೆ. ಸರಗೂರಿನ ಬಸಾಲ್ಟಿಗೆ ಆ ಭಾಗ್ಯವಿಲ್ಲ. ಭೂಗರ್ಭದ ಶಾಖ, ಒತ್ತಡಗಳಲ್ಲಿ ಬೆಂದು ಅದು ಆಂಫಿಬೋಲೈಟ್ ಆಗಿದೆ. ನೈಸ್ ಶಿಲೆಯ ನಡುವೆ ತುಣುಕುಗಳಾಗಿ ಹರಡಿದೆ. ಮೇಲಾವುದು, ಕೆಳಗಾವುದು ತಿಳಿಯದ ಕಲ್ಲನ್ನು ವರ್ಗೀಕರಿಸುವುದೆಂತು? ಇವು ಧಾರವಾಡ ಶಿಲೆಗಳಿಗಿಂತ ಹಳೆಯವೋ, ಅವುಗಳದೇ ಹೆಚ್ಚು ಬೆಂದ ರೂಪವೋ ಎಂದು ವಿದ್ವಾಂಸರು ದಶಕಗಳ ಕಾಲ ವಾದಿಸಿದರು. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಶಿಲಾಪಟ್ಟಿಯನ್ನೂ ಸರಗೂರಿನ ಹೆಸರಿಗೇ ಸೇರಿಸಿದವರುಂಟು. ದೂರದೂರದ ತುಣುಕುಗಳನ್ನು ಹೀಗೆ ಒಂದೇ ಕುಲಕ್ಕೆ ಸೇರಿಸುವುದು ಅವಸರವೆಂದೇ ನನಗನಿಸುತ್ತದೆ.

ಜಲ್ಲಿ ಒಡೆಯುವವರಿಗಾದರೋ ಎಲ್ಲವೂ ಕರಿಕಲ್ಲೇ. ಅವರನ್ನು ದೂರಲಾರೆ, ಮನೆಗೂ ರಸ್ತೆಗೂ ಕಲ್ಲು ಬೇಕು. ಆದರೆ ಹೊಲದ ಅಂಚಿನಲ್ಲಿ ಉಳಿದಿರುವುದೇ ಕೆಲವು ಮಾರು ಅಗಲದ ದಿಣ್ಣೆ. ಒಮ್ಮೆ ಅದು ಜಲ್ಲಿಯಾಯಿತೆಂದರೆ ಆ ವಾದಕ್ಕೆ ಅಲ್ಲಿ ಸಾಕ್ಷಿಯೇ ಇರುವುದಿಲ್ಲ.