ಹೆಸರಿಲ್ಲದ ಫೋಟೋಗಳು

ತುಂಬಾ ದಿನ ಆಯ್ತು ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸ್ ಇತ್ತು ಅನ್ನೋದು ಅರ್ಧ ನೆಪ ಅಷ್ಟೆ. ಉಳಿದರ್ಧ ನನ್ನ ಹೊಸ ಹುಚ್ಚು: ಹಾಲಿವುಡ್ ಮೂಕಿಚಿತ್ರಗಳ ಹಳೇ ಸ್ಟಿಲ್ ಫೋಟೋ ನೋಡಿ, ಅದು ಯಾವ ಚಿತ್ರದ್ದು, ಅದರಲ್ಲಿರೋರು ಯಾರು ಅಂತ ಪತ್ತೆ ಹಚ್ಚೋದು.

ಇದರಿಂದ ಏನು ಉಪಯೋಗ ಅಂತೀರಾ? ಅಮೆರಿಕದಲ್ಲಿ 1912ರಿಂದ 1929ರವರೆಗೆ ಸುಮಾರು 11,000 ಮೂಕಿ ಕಥಾಚಿತ್ರಗಳು ಬಂದಿದ್ದವು. ಅದರಲ್ಲಿ ಮೂಲ 35 ಎಂ.ಎಂ. ರೂಪದಲ್ಲಿ ಪೂರ್ತಿ ಉಳಿದಿರೋದು ಶೇ. 14 ಮಾತ್ರ ಅಂತ ಲೈಬ್ರರಿ ಆಫ್ ಕಾಂಗ್ರೆಸ್ಸಿನ 2013ರ ವರದಿ ಹೇಳುತ್ತೆ. ಎಷ್ಟೋ ಚಿತ್ರಗಳ ಪಾಲಿಗೆ ಉಳಿದಿರೋದು ನಾಲ್ಕಾರು ಫೋಟೋ ಅಷ್ಟೆ. 'ಲಂಡನ್ ಆಫ್ಟರ್ ಮಿಡ್‌ನೈಟ್' (1927) ಚಿತ್ರದ ಕೊನೆಯ ಪ್ರಿಂಟ್ 1965ರಲ್ಲಿ ಎಂಜಿಎಂ ಉಗ್ರಾಣದ ಬೆಂಕಿಯಲ್ಲಿ ಹೋಯ್ತು ಅಂತಾರೆ. 2002ರಲ್ಲಿ ಬರೀ ಸ್ಟಿಲ್‌ಗಳನ್ನೇ ಜೋಡಿಸಿ ಅದರ ಕಥೆಯನ್ನ ಮತ್ತೆ ಕಟ್ಟಿದರು. ಅಷ್ಟು ದೂರ ಯಾಕೆ, ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ದ (1934) ಪ್ರಿಂಟ್ ಕೂಡ ಇವತ್ತು ಇಲ್ಲ.

ಸ್ಟಿಲ್ ಅಂದ್ರೆ ರೀಲಿನಿಂದ ಕತ್ತರಿಸಿದ ಚೂರಲ್ಲ. ಸೆಟ್ಟಿನಲ್ಲಿ ಬೇರೆ ಫೋಟೋಗ್ರಾಫರ್ ದೊಡ್ಡ ಕ್ಯಾಮೆರಾ ಇಟ್ಟು ತೆಗೆದದ್ದು, ಅದಕ್ಕೇ ಅಷ್ಟು ಸ್ಪಷ್ಟ. ಮೂಲೆಯಲ್ಲಿ '84-17' ಥರದ ಸಂಖ್ಯೆ ಇದ್ರೆ ನಿಮ್ಮ ಅದೃಷ್ಟ. ಸಾಮಾನ್ಯವಾಗಿ ಮೊದಲನೆಯದು ಚಿತ್ರದ್ದು, ಎರಡನೆಯದು ಫೋಟೋದ್ದು. ಆದರೆ ಬೇರೆ ಬೇರೆ ಸ್ಟುಡಿಯೋಗಳಲ್ಲಿ ಒಂದೇ ಸಂಖ್ಯೆ ಇರಬಹುದು. ಆಗ ಕಾರಿನ ನಂಬರ್ ಪ್ಲೇಟು, ಗೋಡೆಯ ಕ್ಯಾಲೆಂಡರು, ಲಂಗದ ಉದ್ದ, ಕೂದಲಿನ ಕಟ್, ಹೀಗೆ ಒಂದೊಂದನ್ನೇ ನೋಡುತ್ತಾ ಕೂರಬೇಕು. ನಮ್ಮ ಡಿಬಗ್ಗಿಂಗ್ ಥರಾನೇ :)

ನಾನು ಇಂಜಿನಿಯರ್ ಅಲ್ವಾ, ಮುಖ ಹೋಲಿಸೋ ಒಂದು ಪ್ರೋಗ್ರಾಮ್ ಬರೆದೆ. ಅದು ತುಂಬಾ ವಿಶ್ವಾಸದಿಂದ ತಪ್ಪು ಹೇಳ್ತಿತ್ತು! ಆ ಕಾಲದ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್ ಕೆಂಪಿಗೆ ಸ್ಪಂದಿಸ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡು ಬೀಳ್ತಿತ್ತು. ಮೇಲೆ ದಪ್ಪ ಮೇಕಪ್ ಬೇರೆ. ಇದೆಲ್ಲ ಗೊತ್ತಿದ್ದೂ ನಾನು ಆ ಪ್ರೋಗ್ರಾಮನ್ನ ನಂಬಿದೆ ನೋಡಿ, ಅದೂ ಮನೆಯ ಫೋಟೋ ವಿಷಯದಲ್ಲಿ.

ಊರಿನ ಟ್ರಂಕಿನಲ್ಲಿ ಒಬ್ಬ ಹೆಂಗಸಿನ ಹಳೇ ಫೋಟೋ ಇತ್ತು. ಯಾರಿಗೂ ಗುರುತಿಲ್ಲ. ತೀರಿಹೋದ ನಮ್ಮಜ್ಜಿಯ ವಯಸ್ಸಿನ ಕಾಲದ ಫೋಟೋಗೆ ಹೋಲಿಸಿದರೆ ಪ್ರೋಗ್ರಾಮ್ 'ಹತ್ತಿರದ ಹೋಲಿಕೆ' ಅಂತು. 'ಇವರು ಅಜ್ಜಿಯ ಅಮ್ಮ, ನಮ್ಮ ಮುತ್ತಜ್ಜಿ' ಅಂತ ಬರೆದು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಇಂಜಿನಿಯರ್ ಹೇಳಿದ ಮೇಲೆ ಯಾರು ಪ್ರಶ್ನೆ ಮಾಡ್ತಾರೆ? ಮಾವ ಅದಕ್ಕೆ ಕಟ್ಟು ಹಾಕಿಸಿ ಅಜ್ಜಿಯ ತಿಥಿಯ ದಿನ ಹಾರ ಹಾಕಿದರು.

ಊಟಕ್ಕೆ ಬಂದಿದ್ದ ಚಿಕ್ಕಜ್ಜಿ, ಅಂದ್ರೆ ಅಜ್ಜಿಯ ತಂಗಿ, ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇದು ನಮ್ಮಮ್ಮ ಅಲ್ಲ ಕಣೋ. ದೊಡ್ಡಮ್ಮ. ಅಮ್ಮ ಫೋಟೋನೇ ತೆಗೆಸ್ಕೊಂಡಿರಲಿಲ್ಲ."

ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನೀನು ಕಳಿಸಿದಾಗ ಮೊಮ್ಮಗಳು ಓದಿ ಹೇಳಿದ್ಲು. ಅಮ್ಮನ ಮುಖ ನೋಡ್ತೀನಿ ಅಂತ ಬಂದಿದ್ದೆ" ಅಂದರು. ನನಗೆ ಊಟ ಸೇರಲಿಲ್ಲ.

ಹೆಸರಿಲ್ಲದ ಫೋಟೋನ ಯಾರಾದ್ರೂ ಹುಡುಕ್ತಾನೇ ಇರ್ತಾರೆ. ತಪ್ಪು ಹೆಸರು ಬಿದ್ದರೆ ಹುಡುಕೋದು ಅಲ್ಲಿಗೇ ನಿಲ್ಲುತ್ತೆ. ಚಿಕ್ಕಜ್ಜಿ ಅವತ್ತು ಬರದಿದ್ದರೆ ಆ ದೊಡ್ಡಮ್ಮ ನಮ್ಮ ಮನೆಯಲ್ಲಿ ಶಾಶ್ವತವಾಗಿ ಮುತ್ತಜ್ಜಿಯಾಗಿಬಿಡ್ತಿದ್ದರು. ಈಗ ನನ್ನ ಮೂಕಿಚಿತ್ರಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ಇನ್ನೊಂದು ಕಾಲಂ ಮಾಡಿದ್ದೇನೆ, 'ಹೇಗೆ ಗೊತ್ತಾಯ್ತು?' ಅಂತ. ಅದು ಖಾಲಿ ಇದ್ರೆ ಹೆಸರೂ ಖಾಲಿ.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ರೆ, ಹೇಳೋರು ಇರುವಾಗಲೇ ಕೇಳಿ, ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಹೇಳಿದವರ ಹೆಸರನ್ನೂ ಬರೆಯಿರಿ.