ಅಂಗಾಲಿನ ಅರಿವು

ನಿಲ್ಲುವುದೂ ಒಂದು ಕೆಲಸವೆಂದು ಎರಡು ವರ್ಷದ ಹಿಂದಿನವರೆಗೆ ನಾನು ತಿಳಿದಿರಲಿಲ್ಲ. ಬಸ್ಸಿಗೆ ಕಾಯುವುದು, ಉತ್ತರ ಹೇಳಲಾರದೆ ತರಗತಿಯಲ್ಲಿ ತಲೆ ತಗ್ಗಿಸುವುದು, ಇವೇ ನನ್ನ ಪಾಲಿಗೆ ನಿಲ್ಲುವುದಾಗಿತ್ತು. ಈ ಅಜ್ಞಾನವನ್ನು ಕಳೆದವರು ನನ್ನ ತಂದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ತಂದೆಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದವರು ಹಾಗೆಯೇ ವಾಲಿ ಗೋಡೆಗೆ ಒರಗಿದರು. “ನೆಲ ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ ಕಣೋ” ಎಂದರು. ನನಗೆ ನಗು ಬಂತು. ಕಾಲ ಕೆಳಗಿನ ನೆಲ ಎಲ್ಲಿಗೆ ಹೋದೀತು?

ಅವರ ಮಾತು ಅಕ್ಷರಶಃ ನಿಜವೆಂದು ಕಾಲೇಜಿನ ಗ್ರಂಥಾಲಯದಲ್ಲಿ ತಿಳಿಯಿತು. ನಮ್ಮನ್ನು ನೆಟ್ಟಗೆ ನಿಲ್ಲಿಸುವವು ಮೂರು: ಕಣ್ಣು, ಒಳಗಿವಿ, ಮತ್ತು ಚರ್ಮ, ಸ್ನಾಯು, ಕೀಲುಗಳ ಅರಿವು. ಒತ್ತಡವನ್ನೂ ಎಳೆತವನ್ನೂ ಕಂಪನವನ್ನೂ ಗ್ರಹಿಸುವ ನಾಲ್ಕು ಬಗೆಯ ನರತುದಿಗಳು ಅಂಗಾಲಿನ ಚರ್ಮದಲ್ಲಿವೆ. ಮೈ ಮುಂದಕ್ಕೆ ವಾಲಿದರೆ ಭಾರ ಬೆರಳುಗಳ ಬುಡಕ್ಕೆ, ಹಿಂದಕ್ಕೆ ವಾಲಿದರೆ ಹಿಮ್ಮಡಿಗೆ. ಆ ಸುದ್ದಿ ಮೇಲೆ ಮುಟ್ಟಿದೊಡನೆ ಸ್ನಾಯುಗಳು ಬಿಗಿದು ಮೈಯನ್ನು ಸರಿಪಡಿಸುತ್ತವೆ. ಓದುಗರು ಪಾದಗಳನ್ನು ಜೋಡಿಸಿ, ಕಣ್ಣು ಮುಚ್ಚಿ ನಿಂತು ನೋಡಲಿ. ಈ ತೂಗಾಟ ತಾನಾಗಿ ತಿಳಿಯುತ್ತದೆ. ಜರ್ಮನಿಯ ವೈದ್ಯ ರೊಂಬರ್ಗ್ 19ನೆಯ ಶತಮಾನದಲ್ಲಿ ವರ್ಣಿಸಿದ ಪರೀಕ್ಷೆ ಇದೇ. ಕಾಲಿನ ಅರಿವು ಕುಂದಿದವರು ಕಣ್ಣು ತೆರೆದಿರುವಾಗ ನಿಲ್ಲಬಲ್ಲರು, ಮುಚ್ಚಿದರೆ ತತ್ತರಿಸುತ್ತಾರೆ.

ಅದೇ ಲೇಖನದಲ್ಲಿ, ಪಾದರಕ್ಷೆಯೊಳಗೆ ಉಬ್ಬುತಗ್ಗಿನ ಹಾಸು ಇಟ್ಟರೆ ಅಂಗಾಲು ಚುರುಕಾಗಿ ಕೆಲವರಲ್ಲಿ ತೂಗಾಟ ತಗ್ಗುವುದೆಂದು ಬರೆದಿತ್ತು. ಪುಟ ತಿರುವುವಷ್ಟು ತಾಳ್ಮೆ ನನಗೆ ಉಳಿಯಲಿಲ್ಲ. ಸಂತೆಗೆ ಓಡಿ, ತುಂಬ ಗಟ್ಟಿ ಗುಬುಟುಗಳಿರುವ ಅಕ್ಯುಪ್ರೆಷರ್ ಚಪ್ಪಲಿ ತಂದೆ.

“ಓದಿದ ಮಗ ತಂದಿದ್ದಾನೆ” ಎಂದು ತಂದೆ ಊರಿಗೆಲ್ಲ ತೋರಿಸಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮೆಟ್ಟಿದರು. ಎಂಟನೆಯ ದಿನ ಒರೆಸಿದ ನೆಲದ ಮೇಲೆ ರಕ್ತದ ಗುರುತು ಕಂಡವರು ತಾಯಿ. ಹೆಬ್ಬೆರಳ ಕೆಳಗೆ ಹುಣ್ಣಾಗಿತ್ತು. ತಂದೆಗೆ ನೋವೇ ತಿಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಅವರ ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ತಾಗಿಸಿದರು. “ಈಗ ಮುಟ್ಟಿದೆನೆ?” ಎಂದು ಕೇಳಿದಾಗ ತಂದೆ “ಇಲ್ಲ ಸ್ವಾಮಿ” ಎನ್ನುತ್ತಿದ್ದರು. ಎಳೆ ಬಾಗಿ ನಿಂತಿರುವುದು ನನಗೆ ಕಾಣುತ್ತಿತ್ತು. ಆ ಹೊತ್ತಿನ ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಉಳಿದ ಪುಟಗಳನ್ನು ಆಮೇಲೆ ಓದಿದೆ. ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಆರೋಗ್ಯವಂತ ತರುಣರಲ್ಲಿ ಎಷ್ಟೋ ಸಲ ವ್ಯತ್ಯಾಸವೇ ಕಂಡಿಲ್ಲ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವೃದ್ಧರ ತೂಗಾಟವನ್ನು ತಗ್ಗಿಸಿದ್ದು ಒರಟು ಗುಬುಟಲ್ಲ, ಕಾಲಿಗೆ ಗೊತ್ತೇ ಆಗದಷ್ಟು ಸಣ್ಣ ಕಂಪನ. ಹಾಸು ಹೊಸ ಅರಿವನ್ನು ಕೊಡಲಾರದು. ಉಳಿದಿರುವ ಅರಿವನ್ನು ಎಚ್ಚರಿಸಬಲ್ಲದು, ಅಷ್ಟೆ. ಜೋಮು ಹಿಡಿದ ಕಾಲಿಗೆ ಬೇಕಾದದ್ದು ಒತ್ತಡವನ್ನು ಹರಡುವ ಮೆತ್ತನೆಯ ಹಾಸು. ಕುಷ್ಠರೋಗಿಗಳಿಗೂ ಸಕ್ಕರೆ ಕಾಯಿಲೆಯವರಿಗೂ ನಮ್ಮ ದೇಶದಲ್ಲಿ ಕೊಡುವ ಎಂ.ಸಿ.ಆರ್. ಚಪ್ಪಲಿ ಅಂಥದು.

ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಈಗ ತಂದೆ ಮೆತ್ತನೆಯ ಚಪ್ಪಲಿ ಮೆಟ್ಟುತ್ತಾರೆ, ಕುಳಿತು ಮುಖ ತೊಳೆಯುತ್ತಾರೆ. ಬಚ್ಚಲಿನಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತದೆ. ಸಂಜೆ ತಾಯಿ ಅವರ ಅಂಗಾಲು ನೋಡುತ್ತಾರೆ. ತಂದೆ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಆದರೆ ಪುಸ್ತಕದಲ್ಲಿ ಓದಿದ್ದೇನಾದರೂ ಹೇಳಹೊರಟರೆ ಮೊದಲು ಕೇಳುತ್ತಾರೆ:

“ಪೂರ್ತಿ ಓದಿದೆಯೇನೋ, ಮಗಾ?”