ಹೇಳದೆ ಬಿಟ್ಟ ಒಂದು ಮಾತು

"ನನಗೆ ಏನೂ ಬರಲ್ಲ ಅಂತ ಹೇಳ್ರೀ." ನನ್ನ ಹೆಂಡತಿ ಇದನ್ನು ಎರಡು ಸಲ ಹೇಳಿದಳು. ಸ್ವಿಟ್ಜರ್ಲೆಂಡಿನ ವೆಂಗೆನ್ ಹಳ್ಳಿಯಲ್ಲಿ, ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದೆವು. ಅವಳಿಗೆ ಆಗ ಜರ್ಮನ್ ಬರುತ್ತಿರಲಿಲ್ಲ. ಅವಳ ಫಾರಂ ನಾನೇ ತುಂಬುತ್ತಿದ್ದೆ. ತೂಕ, ಎತ್ತರ, ವಯಸ್ಸು ಬರೆದಾಯಿತು. ಕೊನೆಯಲ್ಲಿ ಮೂರು ಚೌಕಗಳಿದ್ದವು. ನಿಧಾನವಾಗಿ ಜಾರುವವರಿಗೆ, ಹೊಸಬರಿಗೆ ಒಂದನೆಯದು. ಮಧ್ಯಮದವರಿಗೆ ಎರಡನೆಯದು. ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವವರಿಗೆ ಮೂರನೆಯದು. ನನ್ನ ಬೆನ್ನ ಹಿಂದೆಯೇ ಆಫೀಸಿನ ಗೆಳೆಯರು ನಿಂತಿದ್ದರು. ನಮ್ಮಿಬ್ಬರ ಫಾರಂನಲ್ಲೂ ಎರಡನೆಯ ಚೌಕಕ್ಕೆ ಗುರುತು ಹಾಕಿದೆ.

ಆ ಗುರುತು ಏನು ಮಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಬೂಟನ್ನು ಸ್ಕೀ ಹಲಗೆಗೆ ಕಚ್ಚಿ ಹಿಡಿಯುವ ಬೈಂಡಿಂಗ್, ಬಿದ್ದಾಗ ಕಾಲನ್ನು ಬಿಟ್ಟುಬಿಡಬೇಕು. ಎಷ್ಟು ಬಲ ಬಿದ್ದರೆ ಬಿಡಬೇಕೆಂಬುದನ್ನು ಅಂಗಡಿಯವರು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನಾವು ಗುರುತು ಹಾಕಿದ ವರ್ಗ ಇವನ್ನೆಲ್ಲ ಕೋಷ್ಟಕದಲ್ಲಿ ನೋಡಿ ಹೊಂದಿಸುತ್ತಾರೆ. ವರ್ಗ ಏರಿದರೆ ಹಿಡಿತವೂ ಬಿಗಿಯಾಗುತ್ತದೆ.

ವೆಂಗೆನ್‌ಗೆ ಕಾರಿನ ದಾರಿಯಿಲ್ಲ. ಕಣಿವೆಯ ಲೌಟರ್‌ಬ್ರುನೆನ್‌ನಿಂದ, 1893ರಲ್ಲಿ ಶುರುವಾದ ಹಲ್ಲುಹಳಿಯ ರೈಲು 1,274 ಮೀಟರ್ ಎತ್ತರದ ಆ ಊರಿಗೆ ಹತ್ತುತ್ತದೆ. 1930ರಿಂದ ಅಲ್ಲಿ ಲೌಬರ್‌ಹಾರ್ನ್ ಸ್ಕೀ ಪಂದ್ಯ ನಡೆಯುತ್ತಿದೆ. ಸುಮಾರು ನಾಲ್ಕೂವರೆ ಕಿಲೋಮೀಟರಿನ ಆ ಇಳಿಜಾರಿನಲ್ಲಿ ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಧುಮುಕುವವರನ್ನು ಟಿವಿಯಲ್ಲಿ ನೋಡಿದ್ದೆ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಗುಡ್ಡ ಜಾರಿ ಬೆಳೆದವನು ನಾನು. ಜಾರುವುದು ನನಗೆ ಹೊಸದಲ್ಲ ಎಂದು ಗೆಳೆಯರ ಮುಂದೆ ಹೇಳಿಕೊಂಡೂ ಇದ್ದೆ.

ಊರಿನ ನಡುವಿನ ಸಣ್ಣ ಇಳಿಜಾರಿನಲ್ಲಿ ಎರಡು ದಿನ ಪಾಠವಾಯಿತು. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವುದು ಮೊದಲ ಪಾಠ. ಜರ್ಮನ್ನಿನಲ್ಲಿ ಅದಕ್ಕೆ ನೇಗಿಲು ಎಂದೇ ಹೆಸರು. ಪಕ್ಕದಲ್ಲಿ ಐದು ವರ್ಷದ ಮಕ್ಕಳೂ ಅದನ್ನೇ ಕಲಿಯುತ್ತಿದ್ದರು. ನನ್ನ ಹೆಂಡತಿ ಶ್ರದ್ಧೆಯಿಂದ ಕಲಿತಳು. ನನಗೆ ನಾಚಿಕೆಯಾಗುತ್ತಿತ್ತು. ಮೂರನೆಯ ದಿನ ಪಾಠ ಬಿಡಿಸಿ ಅವಳನ್ನು ರೈಲು ಹತ್ತಿಸಿ ಕ್ಲೈನೆ ಷೈಡೆಗ್‌ಗೆ ಕರೆದುಕೊಂಡು ಹೋದೆ. ಐಗರ್ ಶಿಖರದ ಬುಡದಲ್ಲಿ, 2,061 ಮೀಟರ್ ಎತ್ತರದಲ್ಲಿರುವ ಕಣಿವೆದಾರಿ ಅದು. ಅಲ್ಲಿ ಕೆಂಪು ಕಂಬ ನೆಟ್ಟ ಇಳಿಜಾರಿಗೆ ಇಳಿದೆವು. ಸುಲಭವೆಂದು ಗುರುತಿಸಿದ ನೀಲಿ ದಾರಿ ನೂರು ಮೀಟರಿಗೆ ಹೆಚ್ಚೆಂದರೆ ಇಪ್ಪತ್ತೈದು ಮೀಟರ್ ಇಳಿದರೆ, ಕೆಂಪು ದಾರಿ ನಲವತ್ತರ ತನಕ ಇಳಿಯಬಹುದು.

ಅವಳು ಬಿದ್ದದ್ದು ವೇಗದಲ್ಲಲ್ಲ. ಹೆದರಿ ಬಹುತೇಕ ನಿಂತೇಬಿಟ್ಟಿದ್ದಳು. ಹಲಗೆಯ ಅಂಚು ಹಿಮದಲ್ಲಿ ಸಿಕ್ಕಿಕೊಂಡಿತು, ಮೈ ಒಂದು ಕಡೆಗೆ ತಿರುಗಿತು, ಕಾಲು ತಿರುಗಲಿಲ್ಲ. ಬೈಂಡಿಂಗ್ ಬಿಡಲಿಲ್ಲ. ಹಿಂದೆ ಬರುತ್ತಿದ್ದ ಅಪರಿಚಿತ ಹೆಂಗಸೊಬ್ಬರು ನಿಂತು, ಮೇಲಿನಿಂದ ಬರುವವರಿಗೆ ಕಾಣುವಂತೆ ತಮ್ಮ ಎರಡೂ ಸ್ಕೀಗಳನ್ನು ಕತ್ತರಿಯಾಕಾರದಲ್ಲಿ ಹಿಮಕ್ಕೆ ಚುಚ್ಚಿದರು. ರಕ್ಷಣಾ ತಂಡದವರು ಅವಳನ್ನು ಜಾರುಬಂಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ ಇಳಿಸಿದರು. ನಾನು ಅದೇ ಇಳಿಜಾರಿನ ಅಂಚಿನಲ್ಲಿ ಹಲಗೆ ಹೊತ್ತು ನಡೆದು ಬಂದೆ.

ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿತ್ತು. "ಬೈಂಡಿಂಗ್ ಬಿಟ್ಟಿತ್ತೇ?" ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ, ಯಾಕೆ ಬಿಡಲಿಲ್ಲ ಎಂಬುದರ ಬಗ್ಗೆ ಬಾಯಿ ಬಿಡಲಿಲ್ಲ. ಬೈಂಡಿಂಗ್ ಮುಖ್ಯವಾಗಿ ಕಾಲಿನ ಮೂಳೆಯನ್ನು ಕಾಯುತ್ತದೆ, ಸರಿಯಾಗಿ ಹೊಂದಿಸಿದ್ದರೂ ಮೊಣಕಾಲಿಗೆ ಪೆಟ್ಟಾಗುವುದುಂಟು ಎಂದು ಅವರು ಹೇಳಿದರು. ಶಸ್ತ್ರಚಿಕಿತ್ಸೆ, ಊರುಗೋಲು, ಫಿಸಿಯೋಥೆರಪಿ ಎಂದು ಒಂಬತ್ತು ತಿಂಗಳು ಕಳೆಯಿತು. ಅಷ್ಟೂ ಕಾಲ ವೈದ್ಯರ ಆ ಒಂದು ವಾಕ್ಯದ ಮರೆಯಲ್ಲಿ ನಾನು ಅಡಗಿಕೊಂಡಿದ್ದೆ.

ಒಂದು ರಾತ್ರಿ, ಮೆಟ್ಟಿಲಿನ ಕಟಕಟೆ ಹಿಡಿದು ಅವಳು ಒಂದೊಂದೇ ಹೆಜ್ಜೆ ಇಡುತ್ತಿದ್ದುದನ್ನು ನೋಡಲಾರದೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಾಲಿನ ವಿಷಯ ಬಿಡಿ. ನಾನು ಹೇಳಿದ್ದನ್ನ ನೀವು ಅವರಿಗೆ ಹೇಳಲೇ ಇಲ್ವಲ್ಲ," ಎಂದಳು.

ನನ್ನ ತಪ್ಪಿಗೆ ಸರಿಯಾದ ಹೆಸರು ಸಿಕ್ಕಿದ್ದು ಆಗ. ದುಡುಕಿದೆ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ನಿಜದಲ್ಲಿ, ನನ್ನ ಮೇಲೆ ಭರವಸೆಯಿಟ್ಟು ಅವಳು ಒಪ್ಪಿಸಿದ ಮಾತನ್ನು ನನ್ನ ನಾಚಿಕೆಗಾಗಿ ನುಂಗಿದ್ದೆ. ಪರಭಾಷೆಯ ಊರಿನಲ್ಲಿ ಒಬ್ಬರ ನಾಲಗೆಯಾಗಿ ನಿಲ್ಲುವವರು, ಆಸ್ಪತ್ರೆಯಲ್ಲಾಗಲಿ ಬ್ಯಾಂಕಿನಲ್ಲಾಗಲಿ, ಆ ಮಾತನ್ನು ಇದ್ದಂತೆಯೇ ದಾಟಿಸಬೇಕು.

ಮರುವರ್ಷ ನಾನೊಬ್ಬನೇ ಒಂದನೆಯ ಚೌಕಕ್ಕೆ ಗುರುತು ಹಾಕಿ, ಪುಟ್ಟ ಮಕ್ಕಳ ಪಕ್ಕದಲ್ಲಿ ಐದು ದಿನ ಪೂರ್ತಿ ನೇಗಿಲು ಕಲಿತೆ. ಅವಳು ಮತ್ತೆ ಸ್ಕೀ ಕಟ್ಟುವಳೋ ಇಲ್ಲವೋ, ನಾನು ಕೇಳಿಲ್ಲ. ಜರ್ಮನ್ ತರಗತಿಗೆ ಸೇರಿದ್ದಾಳೆ. ಈಗ ತನ್ನ ಫಾರಂಗಳನ್ನು ತಾನೇ ತುಂಬುತ್ತಾಳೆ.